ಮನೆಯೊಳಗೆ ಪೆಟ್ರೋಲ್ ವಾಸನೆ: ಊದುಬತ್ತಿ ಹಚ್ಚುವ ಮುನ್ನ ಓದಿ



ರೋಗಿಯನ್ನು ಮನೆಗೆ ಕಳುಹಿಸುವ ದಿನ ಯಾವ ಮಾತ್ರೆ ಯಾವಾಗ, ಪಥ್ಯ ಏನು, ಮತ್ತೆ ಯಾವಾಗ ಬರಬೇಕು ಎಂದು ವಿವರಿಸಿ ಹೇಳುವುದು ನಮ್ಮ ಕೆಲಸ. ಉಬ್ಬಸದವರು, ಬಾಣಂತಿಯರು, ಹೃದಯದ ತೊಂದರೆ ಇರುವವರು ಮನೆಗೆ ಹೊರಟಾಗ ನಾನು ಇನ್ನೆರಡು ಪ್ರಶ್ನೆಗಳನ್ನೂ ಕೇಳುತ್ತೇನೆ. ಮನೆಯಲ್ಲಿ ಗಾಡಿ ಎಲ್ಲಿ ನಿಲ್ಲುತ್ತದೆ? ರೋಗಿಯ ಮಂಚ ಎಲ್ಲಿದೆ? ಕೆಲವರು ನಗುತ್ತಾರೆ. ಕೆಲವರು ಮಾತ್ರ ಒಂದು ಕ್ಷಣ ಯೋಚಿಸಿ, "ಹೌದು ಸಿಸ್ಟರ್, ರಾತ್ರಿಯೆಲ್ಲಾ ಪೆಟ್ರೋಲ್ ವಾಸನೆ ಬರುತ್ತೆ" ಎನ್ನುತ್ತಾರೆ.

ಈ ಪ್ರಶ್ನೆ ಕೇಳುವುದನ್ನು ನನಗೆ ಕಲಿಸಿದವರು ಹಲಸೂರಿನ ಕಡೆಯ ಒಬ್ಬ ಸೊಸೆ. ಉಬ್ಬಸವಿದ್ದ ಅತ್ತೆಯನ್ನು ಎರಡನೆಯ ಬಾರಿ ದಾಖಲು ಮಾಡಲು ಕರೆತಂದಿದ್ದರು. "ಇಲ್ಲಿದ್ದಾಗ ಅತ್ತೆ ಚೆನ್ನಾಗಿರ್ತಾರೆ, ಮನೆಗೆ ಹೋದ ಎರಡನೇ ದಿನಕ್ಕೇ ತಲೆನೋವು, ಉಬ್ಬಸ ಶುರು" ಎಂದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ಅವರದು ನೆಲಮಹಡಿಯ ಹಿಂದಿನ ಪೋರ್ಷನ್. ಇರುವ ಒಂದೇ ಕಿಟಕಿ ಓನರ್ ಕಾರು ನಿಲ್ಲಿಸುವ ಜಾಗಕ್ಕೆ ತೆರೆಯುತ್ತದೆ. ಕಾರು ಹಳೆಯದು. ಬೆಳಿಗ್ಗೆ ಆರಕ್ಕೆ ಅದನ್ನು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಹಾಗೇ ಬಿಡುತ್ತಾರೆ. ಕೋಣೆಯಲ್ಲಿ ವಾಸನೆ ತುಂಬುತ್ತದೆಂದು ಈಕೆ ಮೂರು ಊದುಬತ್ತಿ ಹಚ್ಚಿ ಕಿಟಕಿ ಮುಚ್ಚುತ್ತಿದ್ದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಕೆಟ್ಟ ವಾಸನೆ ಬಂದರೆ ಊದುಬತ್ತಿ, ಸಾಂಬ್ರಾಣಿ ಹಚ್ಚುವುದು ನಮ್ಮೆಲ್ಲರ ರೂಢಿ. ಆದರೆ ಪೆಟ್ರೋಲಿನ ವಿಷಯದಲ್ಲಿ ವಾಸನೆಯನ್ನು ಮುಚ್ಚಬಾರದು, ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.

ಆವಿ ಬೇರೆ, ಹೊಗೆ ಬೇರೆ

ಗಾಡಿಯಿಂದ ಎರಡು ಬಗೆಯ ತೊಂದರೆ ಬರುತ್ತದೆ. ಜನ ಎರಡನ್ನೂ ಸೇರಿಸಿ "ಪೆಟ್ರೋಲ್ ಹೊಗೆ" ಎನ್ನುತ್ತಾರೆ. ಇಂಜಿನ್ ನಿಂತಿದ್ದರೂ ಟ್ಯಾಂಕು, ಪೈಪುಗಳಿಂದ ಹೊರಬರುವುದು ಪೆಟ್ರೋಲಿನ ಆವಿ. ಇದಕ್ಕೆ ವಾಸನೆ ಇದೆ, ತಲೆನೋವು ಬರಿಸುತ್ತದೆ, ಬೆಂಕಿ ತಗುಲಿದರೆ ಭಗ್ಗೆಂದು ಹತ್ತಿಕೊಳ್ಳುತ್ತದೆ. ಇಂಜಿನ್ ಓಡುವಾಗ ಸೈಲೆನ್ಸರ್‌ನಿಂದ ಬರುವುದು ಸುಟ್ಟ ಹೊಗೆ. ಅದರೊಳಗೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ಮುಚ್ಚಿದ ಜಾಗದಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಇದೇ. ಆ ಸೊಸೆಯ ಮನೆಯಲ್ಲಿ ಎರಡೂ ಇದ್ದವು: ರಾತ್ರಿ ಆವಿ, ಬೆಳಿಗ್ಗೆ ಹೊಗೆ.

ಆವಿ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಸುಲಭವಾಗಿ ಆವಿಯಾಗುವ ದ್ರವ. ಸೀಮೆಎಣ್ಣೆ, ಡೀಸೆಲ್‌ಗಳಂತೆ ಅಲ್ಲ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ ಎಂದರೆ ನಮ್ಮ ಬೆಂಗಳೂರಿನ ಹವೆಯಲ್ಲಿ ಎಷ್ಟೆಂದು ಊಹಿಸಿ. ಬಿಸಿಲಿನಲ್ಲಿ ಓಡಾಡಿ ಬಂದ ಗಾಡಿಯನ್ನು ತಂದು ನಿಲ್ಲಿಸಿದ ಮೊದಲ ಅರ್ಧ ಗಂಟೆ ಒಂದಿಷ್ಟು ವಾಸನೆ ಬಂದು ಆಮೇಲೆ ಹೋಗಿಬಿಟ್ಟರೆ ಹೆದರಬೇಕಿಲ್ಲ. ಬೆಳಗಿನ ಜಾವ ಎದ್ದಾಗಲೂ ವಾಸನೆ ಇದ್ದರೆ ಎಲ್ಲೋ ಸೋರುತ್ತಿದೆ ಎಂದು ತಿಳಿಯಿರಿ.

ನಮ್ಮ ಕಡೆಯ ಮೆಕ್ಯಾನಿಕ್‌ಗಳನ್ನು ಕೇಳಿದರೆ ಕಾರಣಗಳು ಸಾಮಾನ್ಯವಾಗಿ ಸಣ್ಣವೇ. ಟ್ಯಾಂಕ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿರುತ್ತದೆ. ಪೆಟ್ರೋಲ್ ಪೈಪು ಒಣಗಿ ಸೀಳಿರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಸ್ಕೂಟರ್, ಬೈಕ್‌ಗಳಲ್ಲಿ ರಾತ್ರಿ ಪೆಟ್ರೋಲ್ ನಾಬ್ ಆಫ್ ಮಾಡದೆ ಮಲಗುತ್ತಾರೆ, ಕಾರ್ಬ್ಯುರೇಟರ್ ತುಂಬಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಈಚಿನ ಕಾರುಗಳಲ್ಲಿ ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲೆಂದೇ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಬಂಕಿನಲ್ಲಿ ಪಂಪು ತಾನಾಗಿ ನಿಂತ ಮೇಲೂ "ಇನ್ನೂ ಸ್ವಲ್ಪ, ರೌಂಡ್ ಮಾಡಿ" ಎಂದು ಕಂಠಪೂರ್ತಿ ತುಂಬಿಸುವವರ ಗಾಡಿಯಲ್ಲಿ ಪೆಟ್ರೋಲ್ ಆ ಡಬ್ಬಿಗೇ ಹೋಗಿ ಅದು ಕೆಡುತ್ತದೆ. ಪಂಪು ನಿಂತರೆ ಸಾಕು ಎನ್ನಿ.

ಈಗ ಮಾರುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಹಳೆಯ ಗಾಡಿಗಳ ಕೆಲವು ರಬ್ಬರ್ ಪೈಪು, ವಾಷರ್‌ಗಳು ಅದಕ್ಕೆ ಬೇಗ ಸವೆಯಬಹುದು. ಸರ್ವಿಸ್‌ಗೆ ಬಿಟ್ಟಾಗ ಬಾಯಿಬಿಟ್ಟು ಹೇಳಿ ನೋಡಿಸಿ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಇದೆಯಲ್ಲಾ ಎನ್ನಬೇಡಿ. ಆ ತಪಾಸಣೆ ಸೈಲೆನ್ಸರಿನ ಹೊಗೆಗೆ ಮಾತ್ರ, ಟ್ಯಾಂಕು ಸೋರುತ್ತಿರುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಗಾಡಿಯನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ನನ್ನು ಕರೆಸಿ. ಆದರೆ ಪೆಟ್ರೋಲ್ ಬಿದ್ದ ಕಲೆ ಬೆಳಗಾಗುವುದರೊಳಗೆ ಆರಿಹೋಗಿರಲೂಬಹುದು, ಆದ್ದರಿಂದ ರಟ್ಟು ಒಣಗಿದೆ ಎಂದು ಸುಮ್ಮನಾಗಬೇಡಿ. ಮೂಗನ್ನು ನಂಬಿ. ನಿಮ್ಮ ಮೂಗಿಗಿಂತ ಹೊರಗಿನಿಂದ ಬಂದವರ ಮೂಗನ್ನು ಹೆಚ್ಚು ನಂಬಿ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದಕ್ಕೆ ಒಗ್ಗಿಬಿಡುತ್ತದೆ. ಹಾಲಿನವನೋ ಪೇಪರಿನವನೋ "ಏನಮ್ಮಾ ವಾಸನೆ" ಎಂದರೆ ಕಿವಿಗೊಡಿ.

ಆವಿ ನೆಲ ಹಿಡಿದು ಹರಿಯುತ್ತದೆ

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇಳುವುದಿಲ್ಲ, ಚೆಲ್ಲಿದ ನೀರಿನಂತೆ ನೆಲ ಹಿಡಿದು ತಗ್ಗಿನ ಕಡೆ ಹೋಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲಾ ತಾನಾಗಿ ಅರ್ಥವಾಗುತ್ತದೆ.

ದಂಡು ಪ್ರದೇಶದ ಹಳೆಯ ಬಂಗಲೆಗಳನ್ನು ನೋಡಿದ್ದೀರಾ? ಉಳಿದಿರುವುದು ಕೆಲವೇ. ಅಲ್ಲಿ ಕುದುರೆ ಲಾಯ, ಗಾಡಿ ಮನೆಗಳು ಕಾಂಪೌಂಡಿನ ಹಿಂದೆ, ಮನೆಯಿಂದ ದೂರದಲ್ಲಿ ಇರುತ್ತಿದ್ದವು. ಕಾರು ಬಂದ ಮೇಲೆ ಅದಕ್ಕೂ ಅಂಥ ಶೆಡ್ಡೇ ಸಿಕ್ಕಿತು. ಇಂದು ಇಂದಿರಾನಗರದ 30-40 ಸೈಟಾಗಲಿ, ಕೆ.ಆರ್. ಪುರದ ಕಡೆಯ 20-30 ಸೈಟಾಗಲಿ, ಕಾರಿನ ತಲೆಯ ಮೇಲೇ ನಮ್ಮ ಮಲಗುವ ಕೋಣೆ. ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ಅದೂ ಇಲ್ಲ; ಕಳ್ಳರ ಭಯಕ್ಕೆ ಸ್ಕೂಟರನ್ನು ಹಲಗೆ ಇಟ್ಟು ಹಾಲ್‌ಗೇ ಹತ್ತಿಸಿ, ಅದರ ಪಕ್ಕದಲ್ಲೇ ಚಾಪೆ ಹಾಸಿ ಮಕ್ಕಳು ಮಲಗುತ್ತಾರೆ. ಚಾಪೆಯ ಮೇಲೆ ಮಲಗಿದ ಮಗುವಿನ ಮೂಗು ಇರುವುದು ನೆಲದ ಹತ್ತಿರ. ಆವಿ ಹೆಚ್ಚಿರುವುದೂ ಅಲ್ಲಿಯೇ. ಬೇರೆ ದಾರಿಯೇ ಇಲ್ಲದಿದ್ದರೆ ಗಾಡಿ ಬಾಗಿಲ ಕಡೆಗೆ, ಮಲಗುವವರು ಒಳಕ್ಕೆ, ಮಗು ಮಂಚದ ಮೇಲೆ ಇರಲಿ. ಒಂದು ಕಿಟಕಿಯಾದರೂ ತೆರೆದಿರಲಿ.

ಇನ್ನು ಪಾರ್ಕಿಂಗ್ ಜಾಗದಲ್ಲಿ ಏನೇನಿದೆ ಎಂದು ಒಮ್ಮೆ ಕಣ್ಣಾಡಿಸಿ. ನೀರಿನ ಸಂಪು, ಅದರ ಮೋಟರ್ ಸ್ವಿಚ್ಚು, ಕರೆಂಟ್ ಮೀಟರ್ ಬೋರ್ಡು, ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ಕೆಲವರ ಮನೆಯಲ್ಲಿ ಇಸ್ತ್ರಿ ಮೇಜು. ಬೆಂಗಳೂರಿನ ಅರ್ಧ ಮನೆಗಳು ಹೀಗೇ ಇವೆ. ಬೆಳಿಗ್ಗೆ ಐದಕ್ಕೆ ಕಾವೇರಿ ನೀರು ಬಂತೆಂದು ನಿದ್ದೆಗಣ್ಣಿನಲ್ಲಿ ಮೋಟರ್ ಸ್ವಿಚ್ಚು ಒತ್ತುತ್ತೇವೆ. ಸ್ವಿಚ್ಚಿನೊಳಗೆ ಆಗುವ ಒಂದು ಸಣ್ಣ ಕಿಡಿ ಸಾಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಷ್ಟು ಬೆರೆತರೆ ಅದು ಹತ್ತಿಕೊಳ್ಳುವ ಮಟ್ಟಕ್ಕೆ ಬಂದಿತೆಂದೇ ಅರ್ಥ. ಸುಮ್ಮನೆ ವಾಸನೆ ಬಂದ ಮಾತ್ರಕ್ಕೆ ಆ ಮಟ್ಟ ಮುಟ್ಟಿದೆ ಎಂದಲ್ಲ, ನಮ್ಮ ಮೂಗು ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ ಇದ್ದಾಗಲೇ ಗುರುತಿಸುತ್ತದೆ. ಆದರೆ ಮೂಗಿನ ಹತ್ತಿರ ಕಡಿಮೆ ಇದ್ದು ಕಾಲ ಬಳಿ, ಸಂಪಿನ ಬಾಯಿಯಲ್ಲಿ ಹೆಚ್ಚಿರಬಹುದು.

ಸಂಪಿನ ಬಗ್ಗೆ ಇನ್ನೊಂದು ಮಾತು. ಭಾರದ ಆವಿ ಮುಚ್ಚಳದ ಸಂದಿಯಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಪಾರ್ಕಿಂಗ್‌ನಲ್ಲಿ ಪೆಟ್ರೋಲ್ ಚೆಲ್ಲಿದ ಮನೆಯಲ್ಲಿ ಸಂಪು ತೊಳೆಯಲು ಯಾರನ್ನೂ ಕೂಡಲೇ ಇಳಿಸಬೇಡಿ. ಒಳಗೆ ಗಾಳಿ ಸರಿಯಿಲ್ಲದೆ ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ನೀರಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೂ ಉಪಯೋಗವಿಲ್ಲ, ಒಲೆಯ ಹತ್ತಿರ ಆವಿ ಹರಡಿದಂತಾಗುತ್ತದೆ ಅಷ್ಟೆ.

ದೀಪದ ವಿಷಯ ಹೇಳದಿದ್ದರೆ ಆಗದು. ಹೊಸ್ತಿಲ ದೀಪ, ದೀಪಾವಳಿಯಲ್ಲಿ ಗೇಟಿನ ಬಳಿ ಇಡುವ ಹಣತೆ ಎಲ್ಲವೂ ನೆಲಮಟ್ಟದಲ್ಲೇ ಇರುತ್ತವೆ. ಆಯುಧಪೂಜೆಯ ದಿನವಂತೂ ನನಗೆ ಪ್ರತಿ ವರ್ಷ ಎದೆ ಹೊಡೆದುಕೊಳ್ಳುತ್ತದೆ. ಬೆಳಿಗ್ಗೆ ಪೆಟ್ರೋಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಇಂಜಿನ್ ಒರೆಸಿ ಗಾಡಿ ಫಳಫಳ ಮಾಡುತ್ತಾರೆ, ಆ ಬಟ್ಟೆಯನ್ನು ಅಲ್ಲೇ ಮೂಲೆಗೆ ಎಸೆಯುತ್ತಾರೆ, ಹತ್ತು ನಿಮಿಷಕ್ಕೆ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚುತ್ತಾರೆ. ಪೂಜೆ ಖಂಡಿತ ಮಾಡಿ. ಗಾಡಿಯನ್ನು ಸೋಪಿನ ನೀರಿನಲ್ಲಿ ತೊಳೆಯಿರಿ, ಹೊರಗೆ ಬಯಲಿಗೆ ತಂದು ನಿಲ್ಲಿಸಿ, ಕರ್ಪೂರವನ್ನು ತಟ್ಟೆಯಲ್ಲಿ ಟ್ಯಾಂಕಿನಿಂದ ದೂರ ಹಿಡಿಯಿರಿ.

ದೇಹಕ್ಕೆ ಏನಾಗುತ್ತದೆ?

ಆವಿಯನ್ನು ಸ್ವಲ್ಪ ಹೊತ್ತು ಉಸಿರಾಡಿದರೆ ತಲೆನೋವು, ತಲೆಸುತ್ತು, ವಾಕರಿಕೆ, ಗಂಟಲು ಕೆರೆತ, ಕಣ್ಣುರಿ ಬರಬಹುದು. ಚೆನ್ನಾಗಿ ಗಾಳಿಯಾಡುವ ಜಾಗಕ್ಕೆ ಬಂದರೆ ಸಾಮಾನ್ಯವಾಗಿ ಇಳಿಯುತ್ತದೆ. ಉಬ್ಬಸ, ದೀರ್ಘಕಾಲದ ಶ್ವಾಸಕೋಶದ ತೊಂದರೆ ಇರುವವರಿಗೆ ಇಂಥ ವಾಸನೆಯೇ ಉಬ್ಬಸವನ್ನು ಎಬ್ಬಿಸಬಹುದು. ಹೆಚ್ಚು ಪ್ರಮಾಣದಲ್ಲಿ ಉಸಿರಾಡಿದರೆ ಅಮಲು ಬಂದಂತಾಗಿ ಎಚ್ಚರ ತಪ್ಪಬಹುದು, ಹೃದಯದ ಬಡಿತ ಏರುಪೇರಾಗಬಹುದು.

ಬಹಳ ಜನ ಕೇಳುವುದು ಕ್ಯಾನ್ಸರ್ ಬಗ್ಗೆ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಸ್ತುವಿದೆ, ವರ್ಷಗಟ್ಟಲೆ ಹೆಚ್ಚು ಸೇವಿಸಿದವರಿಗೆ ರಕ್ತದ ಕ್ಯಾನ್ಸರ್ ಬರಬಹುದೆಂದು ಖಚಿತವಾಗಿ ತಿಳಿದಿದೆ. ನಮ್ಮ ದೇಶದಲ್ಲಿ ಈಗ ಮಾರುವ ಪೆಟ್ರೋಲಿನಲ್ಲಿ ಅದು ಶೇ. 1 ಮೀರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2025ರಲ್ಲಿ ಪೆಟ್ರೋಲನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಇದನ್ನು ಓದಿ ಗಾಬರಿಯಾಗಬೇಡಿ. ಹೆಚ್ಚು ಅಪಾಯ ಇರುವುದು ದಿನವಿಡೀ ಅದರ ನಡುವೆ ದುಡಿಯುವ ಬಂಕಿನ ಹುಡುಗರಿಗೆ, ಮೆಕ್ಯಾನಿಕ್‌ಗಳಿಗೆ. ಎರಡು ದಿನ ವಾಸನೆ ಬಂದಿದ್ದಕ್ಕೆ ರಕ್ತಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಆದರೆ ಮಗು ಪ್ರತಿ ರಾತ್ರಿ ಆ ಗಾಳಿಯಲ್ಲೇ ಮಲಗಬೇಕಾದರೆ ಅದನ್ನು ಸರಿಪಡಿಸುವುದನ್ನು ಮುಂದಕ್ಕೆ ಹಾಕಬೇಡಿ. ಹಿರಿಯರು ಕೆಲವರು ಸೀಸದ ಬಗ್ಗೆ ವಿಚಾರಿಸುತ್ತಾರೆ. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲೇ ನಿಂತುಹೋಯಿತು, ಆ ಚಿಂತೆ ಬೇಡ.

ಬಸುರಿಯರಲ್ಲಿ ಕೆಲವರಿಗೆ ಪೆಟ್ರೋಲ್ ವಾಸನೆ ಬಲು ಇಷ್ಟವಾಗುತ್ತದೆ, ಮಣ್ಣಿನ ವಾಸನೆಯಂತೆ. ನಾಚಿಕೊಂಡು ಯಾರಿಗೂ ಹೇಳುವುದಿಲ್ಲ, ಗಾಡಿಯ ಬಳಿ ಹೋಗಿ ನಿಲ್ಲುತ್ತಾರೆ. ಇದು ಬಯಕೆ ಎಂದು ಸುಮ್ಮನಿರಬೇಡಿ. ರಕ್ತಹೀನತೆ, ಅಂದರೆ ಕಬ್ಬಿಣಾಂಶ ಕಡಿಮೆಯಾದಾಗಲೂ ಹೀಗೆ ಆಗುವುದುಂಟು. ತಪಾಸಣೆಗೆ ಬಂದಾಗ ಸಿಸ್ಟರ್ ಬಳಿ ಹೇಳಿದರೆ ಹಿಮೋಗ್ಲೋಬಿನ್ ನೋಡುತ್ತಾರೆ.

ಮನೆಗೆ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ ತೆಗೆದುಕೊಂಡು ಹೋಗುವ ರೋಗಿಗಳ ಬಂಧುಗಳು ವಿಶೇಷ ಎಚ್ಚರ ವಹಿಸಬೇಕು. ಆಮ್ಲಜನಕ ಇರುವ ಕಡೆ ಬೆಂಕಿ ಬಹಳ ವೇಗವಾಗಿ ಹರಡುತ್ತದೆ. ಪಾರ್ಕಿಂಗ್‌ಗೆ ತೆರೆಯುವ ಕೋಣೆಯಲ್ಲಿ ಆ ರೋಗಿಯನ್ನು ಮಲಗಿಸಬೇಡಿ.

ವಾಸನೆಯೇ ಇಲ್ಲದ ವಿಷ

ಈಗ ಬೆಳಗಿನ ಹತ್ತು ನಿಮಿಷದ ಇಂಜಿನ್‌ಗೆ ಬರೋಣ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಗೆಲ್ಲಾ ಹಂಚುತ್ತದೆ. ಕಾರ್ಬನ್ ಮಾನಾಕ್ಸೈಡ್ ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು, ಆಮ್ಲಜನಕಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಬಸ್ಸಿನ ಸೀಟೆಲ್ಲಾ ಯಾರೋ ಹಿಡಿದುಕೊಂಡು ಇಳಿಯಲೊಲ್ಲದಂತೆ. ಗರ್ಭದಲ್ಲಿರುವ ಮಗುವಿಗೆ ಇದು ತಾಯಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಇದು ಪೆಟ್ರೋಲ್ ಆವಿಯಂತೆ ನೆಲಕ್ಕಿಳಿಯುವುದಿಲ್ಲ. ಗಾಳಿಯೊಂದಿಗೆ ಬೆರೆತು ಮೆಟ್ಟಿಲು, ಕಿಟಕಿ, ಬಾಗಿಲ ಸಂದಿಗಳಿಂದ ಮೇಲಿನ ಮನೆಗೂ ಹೋಗುತ್ತದೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳಲ್ಲೇ ಅದು ಹೆಚ್ಚು ಬರುವುದು. "ಇಂಜಿನ್ ಬಿಸಿಯಾಗಬೇಕು" ಎನ್ನುವುದು ಹಳೆಯ ಮಾತು. ಬೆಂಗಳೂರಿನ ಚಳಿಗೆ ಈಗಿನ ಗಾಡಿಗಳಿಗೆ ಅಷ್ಟು ಹೊತ್ತು ಬೇಕಿಲ್ಲ. ಸ್ಟಾರ್ಟ್ ಮಾಡಿ, ಕೂಡಲೇ ರಸ್ತೆಗೆ ತನ್ನಿ. ಶಟರ್ ಎತ್ತಿದೆ, ಗೇಟು ತೆಗೆದಿದೆ ಎಂದು ಒಳಗೇ ಇಂಜಿನ್ ಓಡಿಸಬೇಡಿ. ಕರೆಂಟು ಹೋದಾಗ ಹಚ್ಚುವ ಜನರೇಟರ್‌ಗೂ ಇದೇ ಮಾತು. ಪಾರ್ಕಿಂಗ್‌ನಲ್ಲಿ, ಮೆಟ್ಟಿಲ ಕೆಳಗೆ, ಬಾಲ್ಕನಿಯಲ್ಲಿ ಅದನ್ನು ಓಡಿಸಲೇಬಾರದು. ಗಾಳಿಯಾಡದ ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್‌ನಿಂದ ಸಾವು ಎಂಬ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಅಲ್ಲಿ ಕೊಲ್ಲುವುದೂ ಇದೇ ಅನಿಲ.

ಗುರುತಿಸುವುದು ಹೇಗೆ? ತಲೆನೋವು, ತಲೆಸುತ್ತು, ವಾಂತಿ, ಕೈಕಾಲು ಸೋತಂತಾಗುವುದು. ನೋಡಲು ಜ್ವರವಿಲ್ಲದ ಫ್ಲೂ ತರಹ. ಆದರೆ ಮನೆಯವರಿಗೆಲ್ಲಾ ಒಟ್ಟಿಗೆ ಬರುತ್ತದೆ, ಹೊರಗೆ ಹೋದರೆ ಕಡಿಮೆಯಾಗುತ್ತದೆ, ಮನೆಗೆ ಬಂದರೆ ಮತ್ತೆ ಶುರುವಾಗುತ್ತದೆ. ಈ ಮೂರರಲ್ಲಿ ಯಾವುದು ಕಂಡರೂ ಸಂಶಯಪಡಿ.

ಕೋವಿಡ್ ಕಾಲದಲ್ಲಿ ಬಹಳ ಮನೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ತಂದಿಟ್ಟಿದ್ದಾರೆ. ಇಲ್ಲಿ ಅದನ್ನು ನಂಬಬೇಡಿ. ಅಂಟಿಕೊಂಡಿರುವುದು ಆಮ್ಲಜನಕವೋ ಕಾರ್ಬನ್ ಮಾನಾಕ್ಸೈಡೋ ಎಂಬ ವ್ಯತ್ಯಾಸ ಆ ಪುಟ್ಟ ಯಂತ್ರಕ್ಕೆ ತಿಳಿಯುವುದಿಲ್ಲ. 98 ಎಂದು ತೋರಿಸುತ್ತಿರುವಾಗಲೇ ಮನುಷ್ಯನ ಎಚ್ಚರ ತಪ್ಪಬಹುದು. ಆಸ್ಪತ್ರೆಯಲ್ಲಿ ರಕ್ತದ ವಿಶೇಷ ಪರೀಕ್ಷೆಯಿಂದ ತಿಳಿಯುತ್ತದೆ, ಮಾಸ್ಕ್ ಹಾಕಿ ಹೆಚ್ಚು ಆಮ್ಲಜನಕ ಕೊಡುವುದೇ ಚಿಕಿತ್ಸೆ. ಸಾಧಾರಣ ಗಾಳಿಯಲ್ಲಿ ರಕ್ತದಿಂದ ಅರ್ಧದಷ್ಟು ವಿಷ ಇಳಿಯಲು ನಾಲ್ಕೈದು ಗಂಟೆ ಬೇಕು, ಆಮ್ಲಜನಕ ಕೊಟ್ಟರೆ ಸುಮಾರು ಒಂದು ಒಂದೂವರೆ ಗಂಟೆ. ಆದ್ದರಿಂದ "ಗಾಳಿಗೆ ಕೂರಿಸಿದ್ದೇವೆ, ಸರಿಹೋಗುತ್ತೆ" ಎಂದು ಕಾಯದೆ ಕರೆತನ್ನಿ.

ಯಾರಾದರೂ ಒಳಗೆ ಬಿದ್ದಿದ್ದರೆ ಮೊದಲು ಬಾಗಿಲು, ಶಟರ್ ತೆರೆದು, ಸಾಧ್ಯವಾದರೆ ಇಂಜಿನ್ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆದು ತನ್ನಿ. ನೀವು ಒಳಗೇ ನಿಂತು ನೀರು ಚಿಮುಕಿಸುತ್ತಾ ಎಚ್ಚರಿಸಲು ಹೋಗಬೇಡಿ. ಉಸಿರಾಟ ಇಲ್ಲದಿದ್ದರೆ ಎದೆಯ ಮಧ್ಯೆ ಒತ್ತಲು ಆರಂಭಿಸಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ವಾಸನೆ ಜೋರಾಗಿ ಬಂದರೆ, ಪೆಟ್ರೋಲ್ ಚೆಲ್ಲಿದರೆ

ಮೊದಲ ಕೆಲಸ: ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಉರಿಯುತ್ತಿರುವ ಲೈಟು ಉರಿಯಲಿ, ಆರಿರುವುದು ಆರಿರಲಿ. ಫ್ಯಾನು, ಎಕ್ಸಾಸ್ಟ್ ಫ್ಯಾನು, ಮೋಟರ್, ಕಾಲಿಂಗ್ ಬೆಲ್ ಯಾವುದೂ ಬೇಡ. ಗಾಡಿ ಸ್ಟಾರ್ಟ್ ಮಾಡಬೇಡಿ. ಒಲೆ, ದೀಪ, ಬೀಡಿ ಆರಿಸಿ. ಎಲ್ಲಿ ಸೋರುತ್ತಿದೆ ಎಂದು ನೋಡಲು ಕಡ್ಡಿ ಗೀರಿದವರನ್ನು ಸುಟ್ಟಗಾಯದ ವಾರ್ಡುಗಳಲ್ಲಿ ನೋಡಬಹುದು. ಬಾಗಿಲು ಕಿಟಕಿ ತೆರೆದು ವಯಸ್ಸಾದವರನ್ನು, ಮಕ್ಕಳನ್ನು ಹೊರಗೆ ಕಳುಹಿಸಿ. ಗಾಡಿಯನ್ನು ಇಬ್ಬರು ಸೇರಿ ನ್ಯೂಟ್ರಲ್‌ನಲ್ಲಿ ಬಯಲಿಗೆ ತಳ್ಳಿ. ಚೆಲ್ಲಿದ್ದರ ಮೇಲೆ ಮರಳು ಅಥವಾ ಒಣ ಮಣ್ಣು ಹಾಕಿ ಗುಡಿಸಿ, ಹೊರಗೆ ಬಯಲಿನಲ್ಲಿ ಹರಡಿ. ನೀರು ಹಾಕಿ ಚರಂಡಿಗೆ ತಳ್ಳಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ ಪಕ್ಕದ ಮನೆಯ ಬಾಗಿಲಿಗೆ ಹೋಗುತ್ತದೆ.

ಬೆಂಕಿ ಹತ್ತಿದ್ದರೂ ಅಷ್ಟೇ, ನೀರು ಎರಚಬಾರದು. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಅಥವಾ ಮರಳು ಬಳಸಿ, ದೊಡ್ಡದಾಗುತ್ತಿದ್ದರೆ ಬಿಟ್ಟು ಹೊರಗೆ ಓಡಿ 101 ಅಥವಾ 112ಕ್ಕೆ ಕರೆ ಮಾಡಿ. ಮೈಮೇಲಿನ ಬಟ್ಟೆ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ದಪ್ಪ ಕಂಬಳಿ ಹೊದಿಸಬೇಕು. ಆರಿದ ಮೇಲೆ ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ದೋಸೆ ಹಿಟ್ಟು ಏನೂ ಹಚ್ಚಬೇಡಿ, ಹಚ್ಚಿಕೊಂಡು ಬಂದದ್ದನ್ನು ನಾವು ತೊಳೆಯುವಾಗ ರೋಗಿಗೆ ಆಗುವ ನೋವು ಹೇಳತೀರದು.

ಬಾಟಲಿಯ ಪೆಟ್ರೋಲ್

ವಾಸನೆಯ ಮೂಲ ಗಾಡಿಯಲ್ಲದೆ ಬಾಟಲಿಯೂ ಆಗಿರಬಹುದು. ಗಾಡಿ ನಿಂತುಹೋದಾಗ ಬೇಕಾದೀತೆಂದೋ, ಕಲೆ ತೆಗೆಯಲೆಂದೋ ನೀರಿನ ಬಾಟಲಿಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡುತ್ತಾರೆ. ಮಗು ಅದನ್ನು ಜ್ಯೂಸ್ ಎಂದು ಎತ್ತುತ್ತದೆ. ಮನೆಯಲ್ಲಿ ಬಾಟಲಿ ಪೆಟ್ರೋಲ್ ಇಡಲೇಬೇಡಿ.

ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ಉಪ್ಪುನೀರು ಕುಡಿಸಬೇಡಿ, ಗಂಟಲಿಗೆ ಬೆರಳು ಹಾಕಬೇಡಿ, ಹಾಲು ಮಜ್ಜಿಗೆ ಕುಡಿಸಬೇಡಿ. ಪೆಟ್ರೋಲ್ ಹೊಟ್ಟೆಗೆ ಹೋಗಿ ಮಾಡುವ ಹಾನಿಗಿಂತ ವಾಂತಿಯಲ್ಲಿ ಹಿಂದಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದು ಮಾಡುವ ಹಾನಿ ದೊಡ್ಡದು. ಬಾಯಿ ಒರೆಸಿ, ಬಟ್ಟೆ ಬದಲಿಸಿ, ಆಸ್ಪತ್ರೆಗೆ ತನ್ನಿ. ಬರುವಾಗ ಬಾಟಲಿಯ ಮುಚ್ಚಳ ಭದ್ರಪಡಿಸಿ ಅದನ್ನೂ ತನ್ನಿ. ಮಗು ಆಡುತ್ತಿದ್ದರೂ ಕನಿಷ್ಠ ಆರು ಗಂಟೆ ನೋಡಿಕೊಳ್ಳಬೇಕಾಗುತ್ತದೆ, ಕೆಮ್ಮು, ಏದುಸಿರು ಆಮೇಲೆ ಶುರುವಾಗಬಹುದು. ಪೈಪು ಬಾಯಲ್ಲಿಟ್ಟು ಪೆಟ್ರೋಲ್ ಎಳೆಯುವ ಚಾಲಕ ಮಿತ್ರರಿಗೂ ಇದೇ ಮಾತು. "ಒಂದು ಗುಟುಕು ಹೋಯ್ತು ಅಷ್ಟೇ" ಎನ್ನುತ್ತಾ ಎರಡು ದಿನ ಬಿಟ್ಟು ಜ್ವರ, ಎದೆನೋವಿನಿಂದ ಬರುತ್ತಾರೆ. ಕಣ್ಣಿಗೆ ಸಿಡಿದರೆ 15-20 ನಿಮಿಷ ನೀರು ಹರಿಸಿ ತೊಳೆದು ಬನ್ನಿ.

ಓನರ್‌ಗೆ ಹೇಗೆ ಹೇಳುವುದು?

ಬಾಡಿಗೆ ಮನೆಯವರ ಕಷ್ಟ ಇದು. "ವಾಸನೆ ಬರುತ್ತೆ ಅಂದರೆ ಮನೆ ಖಾಲಿ ಮಾಡಿ ಅಂತಾರೆ ಸಿಸ್ಟರ್" ಎನ್ನುತ್ತಾರೆ. ಜಗಳವಾಗಿ ಹೇಳುವ ಬದಲು ಅವರ ಒಳ್ಳೆಯದನ್ನೇ ಮುಂದಿಟ್ಟು ಹೇಳಿ: "ಅಂಕಲ್, ರಾತ್ರಿಯೆಲ್ಲಾ ಪೆಟ್ರೋಲ್ ವಾಸನೆ ಬರ್ತಿದೆ, ಎಲ್ಲೋ ಸೋರ್ತಿರಬೇಕು, ನಿಮ್ಮ ಮೀಟರ್ ಬೋರ್ಡೂ ಅಲ್ಲೇ ಇದೆ, ಒಮ್ಮೆ ತೋರಿಸಿಬಿಡಿ." ಪೆಟ್ರೋಲ್ ಸೋರುವುದೆಂದರೆ ದುಡ್ಡು ಸೋರಿದಂತೆ ಎಂಬುದೂ ಅವರಿಗೆ ತಿಳಿಯುತ್ತದೆ. ಬೇಕಿದ್ದರೆ ನಮ್ಮ ವೈದ್ಯರ ಚೀಟಿಯಲ್ಲಿ "ಇಂಧನದ ಆವಿ, ಹೊಗೆಯಿಂದ ದೂರವಿರಬೇಕು" ಎಂದು ಬರೆಸಿಕೊಂಡು ಹೋಗಿ ತೋರಿಸಿ. ಹಲಸೂರಿನ ಆ ಸೊಸೆ ಮಾಡಿದ್ದು ಅದನ್ನೇ. ಓನರ್ ಮೊದಲು ಮುಖ ಸಿಂಡರಿಸಿದರಂತೆ. ಮುಂದಿನ ವಾರ ಮುಚ್ಚಳದ ರಬ್ಬರ್, ಒಂದಡಿ ಪೈಪು ಬದಲಿಸಿದರು, ಬೆಳಿಗ್ಗೆ ಕಾರನ್ನು ರಸ್ತೆಗೆ ತಂದು ನಿಲ್ಲಿಸತೊಡಗಿದರು. ಅತ್ತೆಯ ತಲೆನೋವು ನಿಂತಿತು. ಉಬ್ಬಸ ಪೂರ್ತಿ ಹೋಗಲಿಲ್ಲ, ಇನ್ಹೇಲರ್ ಇನ್ನೂ ಬೇಕು, ರಸ್ತೆಯ ಧೂಳಂತೂ ಇದ್ದೇ ಇದೆ. ಆದರೆ ಮತ್ತೆ ದಾಖಲಾಗಲಿಲ್ಲ.

ಹೊಸದಾಗಿ ಮನೆ ಕಟ್ಟುವವರು ಮೇಸ್ತ್ರಿಗೆ ಒಂದೆರಡು ಮಾತು ಹೇಳಿ. ಪಾರ್ಕಿಂಗ್‌ನಿಂದ ನೇರವಾಗಿ ಮಲಗುವ ಕೋಣೆಗೆ ಬಾಗಿಲು, ಕಿಟಕಿ ಬೇಡ. ಪಾರ್ಕಿಂಗ್ ನೆಲ ಮನೆಯ ನೆಲಕ್ಕಿಂತ ತಗ್ಗಿರಲಿ, ನಡುವೆ ಒಳ್ಳೆಯ ಎತ್ತರದ ಹೊಸ್ತಿಲಿರಲಿ. ನೆಲ ಹಿಡಿದು ಬರುವ ಆವಿಗೆ ನಮ್ಮ ಅಜ್ಜಿಯರ ಕಾಲದ ಹೊಸ್ತಿಲು ಒಂದು ಒಡ್ಡಿನಂತೆ. ಎದುರುಬದುರು ಗೋಡೆಗಳಲ್ಲಿ ಗಾಳಿಕಿಂಡಿ ಬಿಡಿಸಿ, ಕೆಲವಾದರೂ ನೆಲದ ಮಟ್ಟದಲ್ಲಿರಲಿ. ಮುಚ್ಚಿದ ಶಟರ್‌ಗಿಂತ ಸರಳಿನ ಗೇಟು ವಾಸಿ. ಇರುವ ಗೇಟಿಗೆ ಮಳೆ ಇರಚಲು ಬರುತ್ತದೆಂದು ಶೀಟು ಹೊಡೆಸಿದ್ದರೆ ಕೆಳಗಿನ ಒಂದು ಗೇಣನ್ನಾದರೂ ಬಿಚ್ಚಿಸಿ. ಮೋಟರ್ ಸ್ವಿಚ್ಚು ಹೊರಗೆ ಅಥವಾ ಎತ್ತರದಲ್ಲಿರಲಿ.

ಇಂಥ ಯಾವುದೇ ತೊಂದರೆಯಿಂದ ತುರ್ತು ಚಿಕಿತ್ಸೆಗೆ ಬಂದಾಗ, ಇಲ್ಲಿಗಾಗಲಿ, ಹತ್ತಿರದ ಬೌರಿಂಗ್ ಆಸ್ಪತ್ರೆಗಾಗಲಿ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆಗಾಗಲಿ, ಬರೀ "ತಲೆಸುತ್ತು" ಎನ್ನಬೇಡಿ. ಮುಚ್ಚಿದ ಜಾಗದಲ್ಲಿ ಗಾಡಿ ಅಥವಾ ಜನರೇಟರ್ ಓಡುತ್ತಿತ್ತೇ, ಎಷ್ಟು ಹೊತ್ತು ಒಳಗಿದ್ದರು, ಮನೆಯಲ್ಲಿ ಬೇರೆ ಯಾರಿಗೆ ಹೀಗಾಗಿದೆ, ಬಸುರಿಯರು ಇದ್ದಾರೆಯೇ, ಇಷ್ಟನ್ನು ಬಾಗಿಲಲ್ಲೇ ಹೇಳಿ. ಜೊತೆಗೆ ಬಂದ ನಿಮಗೂ ತಲೆ ನೋಯುತ್ತಿದ್ದರೆ ಅದನ್ನೂ ಹೇಳಿ, ನಿಮ್ಮನ್ನೂ ಪರೀಕ್ಷಿಸುತ್ತೇವೆ.